ನಾಲ್ಕು ಜನ, 27 ಮೀಟರ್ ಹಗ್ಗ: ಡಿಫೆಂಡರ್ ಕೋಚ್ ಆಗುವ ಬಗೆ

ಚಿಕ್ಕಮಗಳೂರಿನಲ್ಲಿ ಶಾಲೆಗಳ ದೈಹಿಕ ಶಿಕ್ಷಕರು, ಕ್ಲಬ್‌ಗಳ ಫುಟ್‌ಬಾಲ್ ಆಟಗಾರರು ಹಾಗೂ ಆಟ ಬಿಡುವ ವಯಸ್ಸಿಗೆ ಬಂದು ಕೋಚಿಂಗ್ ಕಡೆ ಮನಸ್ಸು ಮಾಡಿರುವವರ ಮುಂದೆ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಇಲ್ಲಿ ಕೊಟ್ಟಿದೆ.

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲಿರುವುದು ದನ ಕಟ್ಟುವ ನೂಲಿನ ಹಗ್ಗ. ಉದ್ದ 27 ಮೀಟರ್. ಒಂಬತ್ತು ಮೀಟರಿಗೊಂದು ಗಂಟು ಹಾಕಿದೆ. ಎರಡು ತುದಿಗೆ ಇಬ್ಬರು, ಎರಡು ಗಂಟಿಗೆ ಇಬ್ಬರು ನಿಂತರೆ ಹಿಂದಿನ ಸಾಲಿನ ನಾಲ್ಕು ಜನ ಆದರು. ದೊಡ್ಡ ಪಂದ್ಯಗಳು ನಡೆಯುವ ಮೈದಾನದ ಸಾಮಾನ್ಯ ಅಗಲ 68 ಮೀಟರ್. ಹಗ್ಗ ಮುಚ್ಚುವುದು 27. ಉಳಿದ 41 ಮೀಟರ್ ಬಯಲು. ಹಿಂದೆ ನಿಂತು ದಾಳಿ ತಡೆಯುವ ಡಿಫೆಂಡರ್‌ನ ಮೊದಲ ಪಾಠ ಈ ಲೆಕ್ಕದಲ್ಲೇ ಇದೆ: ಎಲ್ಲವನ್ನೂ ಕಾಯಲಾಗದು. ಯಾವುದನ್ನು ಬಿಡಬಹುದು ಎಂದು ನಾಲ್ವರೂ ಒಟ್ಟಿಗೆ ತೀರ್ಮಾನಿಸಬೇಕು. ಚೆಂಡು ಬಲಗಡೆ ಗೆರೆಯ ಹತ್ತಿರ ಇದ್ದಾಗ ಎಡಗಡೆ ಗೆರೆಯ ಬಳಿ ನಿಂತ ಎದುರಾಳಿಯನ್ನು ಸದ್ಯಕ್ಕೆ ಬಿಡಿ. ಅಲ್ಲಿಗೆ ಎತ್ತಿ ಹೊಡೆದ ಚೆಂಡು ತಲುಪಲು ಎರಡು ಸೆಕೆಂಡಿನ ಮೇಲೆ ಬೇಕು. ಅಷ್ಟರಲ್ಲಿ ಸಾಲು ಹತ್ತು ಮೀಟರ್ ಸರಿದಿರುತ್ತದೆ. ಅವನನ್ನು ಕಾಯಲೆಂದು ಒಬ್ಬ ಈಗಲೇ ಅತ್ತ ಹೋಗಿ ನಿಂತರೆ ಹಗ್ಗ ಹರಿದಂತೆ. ನಡುವೆ ಹದಿನೈದು ಮೀಟರಿನ ಬಾಗಿಲು ತೆರೆಯುತ್ತದೆ, ಗೋಲು ಬೀಳುವುದು ಆ ಬಾಗಿಲಿನಿಂದ.

ಹತ್ತು ಹನ್ನೆರಡು ವರ್ಷ ಆಡಿದ ಸ್ಟಾಪರ್‌ಗೆ, ಅಂದರೆ ಸಾಲಿನ ನಡುವೆ ನಿಲ್ಲುವ ಡಿಫೆಂಡರ್‌ಗೆ, ಇದೆಲ್ಲ ಮೈಗೂಡಿರುತ್ತದೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ‘ನೋಡಿದ್ರೆ ಗೊತ್ತಾಗುತ್ತೆ’ ಎನ್ನುತ್ತಾನೆ. ಇವತ್ತಿನ ಮಾತೆಲ್ಲ ಆ ಉತ್ತರದ ಸುತ್ತಲೇ. ಅವನಿಗೆ ನೋಡಿದ ಕೂಡಲೇ ಗೊತ್ತಾಗುವುದು ಹನ್ನೆರಡು ವರ್ಷದ ಮಗುವಿಗೆ ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ಮೈಗೆ ಗೊತ್ತಿರುವುದನ್ನು ಬಿಡಿಸಿ ಮಾತಿಗೆ ತರಬೇಕು, ಮಾತನ್ನು ಅಳತೆಗೆ, ಅಳತೆಯನ್ನು ದಿನದ ಅಭ್ಯಾಸಕ್ಕೆ. ಆಟಗಾರ ಕೋಚ್ ಆಗುವುದೆಂದರೆ ಈ ಕೆಲಸ ಮಾಡುವುದು. ಡಿಫೆಂಡರ್ ಆಡುತ್ತಿರುವಾಗಲೇ ಅರ್ಧ ಕೋಚ್ ಆಗಿರುತ್ತಾನೆ, ಏಕೆಂದರೆ ಗೋಲ್‌ಕೀಪರ್ ಬಿಟ್ಟರೆ ಇಡೀ ಆಟ ಕಣ್ಣೆದುರಿಗೆ ನಡೆಯುವುದು ಅವನಿಗೊಬ್ಬನಿಗೇ. ಮುಂದೆ ನಿಂತು ಗೋಲು ಹೊಡೆಯುವ ಫಾರ್ವರ್ಡ್ ಅರ್ಧ ಹೊತ್ತು ಆಟಕ್ಕೆ ಬೆನ್ನು ಹಾಕಿ ನಿಂತಿರುತ್ತಾನೆ. ಆದರೆ ಉಳಿದರ್ಧ ತಾನಾಗಿ ಬರುವುದಿಲ್ಲ.

ಹಿಂದಿನ ಸಾಲಿನಿಂದ ಬೆಂಚಿಗೆ ಬಂದವರನ್ನು ದೂರ ಹುಡುಕಬೇಕಿಲ್ಲ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗ ಅದರ ಕೋಚ್ ಆಗಿ ಬಂದ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನ ಸ್ಟಾಪರ್. ಕ್ರೂ ಅಲೆಕ್ಸಾಂಡ್ರಾ, ಬ್ರ್ಯಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆನ್ಸ್‌ಡೇ ತಂಡಗಳಲ್ಲಿ ಆಡಿದವರು. ಬೆಂಗಳೂರಿಗೆ ಬರುವ ಮೊದಲು ಮೈಕಲ್ ಆಪಲ್‌ಟನ್ ಜೊತೆ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ತಂಡಗಳಲ್ಲಿ ಸಹಾಯಕರಾಗಿದ್ದರು. ಬೆಂಗಳೂರು ತಂಡ ಮೊದಲ ವರ್ಷವೇ, ಅಂದರೆ 2013–14ರಲ್ಲಿ, ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಮುಂದಿನ ಋತುವಿನಲ್ಲಿ ಫೆಡರೇಷನ್ ಕಪ್, 2015–16ರಲ್ಲಿ ಮತ್ತೆ ಐ-ಲೀಗ್. ಸುನಿಲ್ ಛೆಟ್ರಿ ಹೊಡೆದ ಗೋಲುಗಳು ಎಲ್ಲರಿಗೂ ನೆನಪಿವೆ. ಜಾನ್ ಜಾನ್ಸನ್, ಕರ್ಟಿಸ್ ಒಸಾನೊ, ರಿನೊ ಆಂಟೊ, ಕೀಗನ್ ಪೆರೇರಾ ಇದ್ದ ಹಿಂದಿನ ಸಾಲನ್ನು ನೆನೆಯುವವರು ಕಡಿಮೆ. ಇದೇ ವೆಸ್ಟ್‌ವುಡ್ 2024ರ ಮಾರ್ಚ್‌ನಲ್ಲಿ ಅಫ್ಗಾನಿಸ್ತಾನದ ಕೋಚ್ ಆಗಿ ಗುವಾಹಟಿಯಲ್ಲಿ ಭಾರತವನ್ನು 2–1ರಿಂದ, 2025ರ ಜೂನ್‌ನಲ್ಲಿ ಹಾಂಗ್‌ಕಾಂಗ್ ಕೋಚ್ ಆಗಿ 1–0ಯಿಂದ ಸೋಲಿಸಿದರು.

ಛೆಟ್ರಿಯ ಮಾತು ಬಂದದ್ದಕ್ಕೆ ಇನ್ನೊಂದು ಹೆಸರು ಹೇಳಲೇಬೇಕು. 2002ರಲ್ಲಿ ಹದಿನೇಳರ ಛೆಟ್ರಿ ಮೋಹನ್ ಬಾಗಾನ್ ಸೇರಿದಾಗ ಅಲ್ಲಿ ಕೋಚ್ ಆಗಿದ್ದವರು ಸುಬ್ರತ ಭಟ್ಟಾಚಾರ್ಯ. ಅದೇ ಕ್ಲಬ್‌ಗೆ ವರ್ಷಾನುಗಟ್ಟಲೆ ಸ್ಟಾಪರ್ ಆಗಿ ಆಡಿ, ಆಮೇಲೆ ಕೋಚ್ ಆಗಿ 1999–2000 ಮತ್ತು 2001–02ರ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟವರು. ಫಾರ್ವರ್ಡ್ ಒಬ್ಬನ ಬೆಲೆ ಗೊತ್ತಾಗುವುದು ಅವನನ್ನು ತಡೆದು ಸುಸ್ತಾದವರಿಗೇ ಎಂದು ನಮಗೆ ಅನ್ನಿಸುತ್ತದೆ. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದ ಮೇಲೆ, ಕೋಚ್ ಸಯ್ಯದ್ ಅಬ್ದುಲ್ ರಹೀಂ ಜರ್ನೈಲ್‌ರನ್ನು ಫಾರ್ವರ್ಡ್ ಜಾಗಕ್ಕೆ ಕಳಿಸಿದರು. ಸೆಮಿಫೈನಲ್‌ನಲ್ಲೂ ಗೋಲು, ಫೈನಲ್‌ನಲ್ಲೂ ಗೋಲು. ದಕ್ಷಿಣ ಕೊರಿಯಾ ವಿರುದ್ಧ 2–1, ಚಿನ್ನ. ಡಿಫೆಂಡರ್ ಎಲ್ಲಿ ನಿಲ್ಲಲು ಹೆದರುತ್ತಾನೆ ಎಂಬುದು ಜರ್ನೈಲ್‌ಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಅವರೂ ಭಾರತ ತಂಡದ ಕೋಚ್ ಆದರು. ದಕ್ಷಿಣ ಏಷ್ಯಾ ತಂಡಗಳ 2023ರ ಸ್ಯಾಫ್ ಚಾಂಪಿಯನ್‌ಷಿಪ್ ಬೆಂಗಳೂರಿನ ಕಂಠೀರವದಲ್ಲಿ ನಡೆದಾಗ, ಕೆಂಪು ಕಾರ್ಡ್ ಪಡೆದ ಭಾರತದ ಮುಖ್ಯ ಕೋಚ್ ಸೆಮಿಫೈನಲ್, ಫೈನಲ್ ಎರಡಕ್ಕೂ ಹೊರಗುಳಿದರು. ಗೆರೆಯ ಬಳಿ ನಿಂತು ತಂಡ ನಡೆಸಿದವರು ಸಹಾಯಕ ಕೋಚ್ ಮಹೇಶ್ ಗಾವ್ಳಿ. ಅವರೂ ಸ್ಟಾಪರ್. ಜುಲೈ 4ರಂದು ಕುವೈತ್ ವಿರುದ್ಧ 1–1 ಆಗಿ, ಪೆನಾಲ್ಟಿಯಲ್ಲಿ 5–4 ಗೆಲುವು.

ಇನ್ನು ಕೆಲಸದ ಮಾತಿಗೆ ಬರೋಣ. ಎಲ್ಲಕ್ಕಿಂತ ಮೊದಲು ಒಬ್ಬನೆದುರು ಒಬ್ಬ.

ಉದ್ದ 15, ಅಗಲ 10 ಮೀಟರಿನ ಜಾಗಕ್ಕೆ ನಾಲ್ಕು ಕೋನ್ ಇಡಿ. ಒಂದು ತುದಿಯಲ್ಲಿ ಡಿಫೆಂಡರ್, ಇನ್ನೊಂದು ತುದಿಯಲ್ಲಿ ಫಾರ್ವರ್ಡ್. ಚೆಂಡು ಡಿಫೆಂಡರ್ ಹತ್ತಿರವೇ ಇರಲಿ. ಅವನು ಅದನ್ನು ಫಾರ್ವರ್ಡ್‌ಗೆ ತಳ್ಳಿ, ಅದು ಉರುಳುತ್ತಿರುವಾಗಲೇ ಓಡಬೇಕು. ಚೆಂಡು ಎದುರಾಳಿಯ ಕಾಲು ಸೇರುವ ಹೊತ್ತಿಗೆ ಓಟದ ವೇಗ ಇಳಿದಿರಬೇಕು. ಕೊನೆಯ ಮೂರು ಮೀಟರ್ ಪುಟ್ಟ ಪುಟ್ಟ ಹೆಜ್ಜೆ. ನಿಲ್ಲುವುದು ಒಂದೂವರೆಯಿಂದ ಎರಡು ಮೀಟರ್ ದೂರದಲ್ಲಿ. ಎದೆ ಪೂರ್ತಿ ಎದುರಿಗೆ ಕೊಡಬಾರದು. ಒಂದು ಕಾಲು ಮುಂದೆ, ಒಂದು ಹಿಂದೆ, ಮೈ ಅರ್ಧ ತಿರುಗಿರಬೇಕು. ಮಂಡಿ ಬಾಗಿ, ಭಾರ ಪಾದದ ಮುಂಭಾಗದ ಮೇಲಿರಬೇಕು. ಯಾವ ಕಡೆ ಹೋಗಬಾರದೋ ಆ ಕಡೆಯನ್ನು ಮುಂದಿನ ಕಾಲು ಮುಚ್ಚುತ್ತದೆ. ಕಣ್ಣು ಚೆಂಡಿನ ಮೇಲೆ, ಅವನ ಭುಜದ ಮೇಲಲ್ಲ. ಭುಜ ಸುಳ್ಳು ಹೇಳುತ್ತದೆ. ಚೆಂಡು ಅವನ ಕಾಲಿನಿಂದ ಒಂದು ಹೆಜ್ಜೆಗಿಂತ ದೂರ ಹೋದಾಗ ಮಾತ್ರ ಕಾಲು ಹಾಕಬೇಕು. ಒಂದು ಸರದಿಗೆ ಎಂಟು ಹತ್ತು ಸೆಕೆಂಡ್, ನಡುವೆ ನಲವತ್ತು ಸೆಕೆಂಡ್ ಬಿಡುವು, ಒಬ್ಬೊಬ್ಬರಿಗೆ ಆರು ಸರದಿ. ಅದಕ್ಕಿಂತ ಹೆಚ್ಚು ಮಾಡಿಸಿದರೆ ದಣಿದ ಕಾಲು ಕೆಟ್ಟ ಅಭ್ಯಾಸವನ್ನೇ ಕಲಿಯುತ್ತದೆ.

ತಪ್ಪುವುದು ಮೂರು ಕಡೆ. ಓಟದ ವೇಗ ಇಳಿಸದೆ ನುಗ್ಗುವವನನ್ನು ಒಂದು ತಿರುವಿನಲ್ಲಿ ದಾಟುತ್ತಾರೆ. ಎರಡೂ ಪಾದ ಸಮ ಇಟ್ಟು ನಿಂತವನ ಕಾಲಸಂದಿಯಲ್ಲಿ ಚೆಂಡು ಹೋಗುತ್ತದೆ. ಮೂರನೆಯದು ಅವಸರದಲ್ಲಿ ಜಾರಿಕೊಂಡು ಕಾಲು ಹಾಕುವುದು. ಇದು ಬಿಡಿಸಲು ಎಲ್ಲಕ್ಕಿಂತ ಕಷ್ಟ, ಏಕೆಂದರೆ ನಮ್ಮ ಮೈದಾನಗಳಲ್ಲಿ ಜಾರಿ ಹೊಡೆದವನಿಗೇ ಚಪ್ಪಾಳೆ ಬೀಳುತ್ತದೆ. ಎದುರಾಳಿಯನ್ನು ನಾಲ್ಕು ಸೆಕೆಂಡ್ ತಡೆದು ನಿಲ್ಲಿಸಿ, ಜೊತೆಗಾರ ಬರುವಷ್ಟು ಹೊತ್ತು ಕೊಟ್ಟವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅಂಥವನನ್ನು ಹೆಸರು ಹಿಡಿದು ಹೊಗಳಬೇಕಾದವರು ಕೋಚ್.

ಎರಡನೆಯ ಹಂತ ಜೋಡಿ. ಮೊದಲನೆಯವನು ಚೆಂಡಿನೆದುರು ನಿಂತಾಗ ಎರಡನೆಯವನು ಓರೆಯಾಗಿ ಐದಾರು ಮೀಟರ್ ಹಿಂದೆ. ಇನ್ನೂ ಹತ್ತಿರ ಬಂದರೆ, ಎದುರಾಳಿ ಚೆಂಡನ್ನು ಒಮ್ಮೆ ತಳ್ಳಿದರೆ ಇಬ್ಬರೂ ಸೋಲುತ್ತಾರೆ. ಹತ್ತು ಮೀಟರ್ ಹಿಂದಿದ್ದರೆ ಮೊದಲನೆಯವನು ಸೋತಾಗ ಬಂದು ಮುಟ್ಟಲಾಗದು. ಎದುರಾಳಿ ಯಾವ ಕಡೆಗೆ ಹೋಗುವಂತೆ ಮಾಡಬೇಕು ಎಂದು ಕೂಗಿ ಹೇಳುವ ಹೊಣೆ ಎರಡನೆಯವನದು. ಮೊದಲನೆಯವನಿಗೆ ತನ್ನ ಬೆನ್ನ ಹಿಂದೆ ಏನಿದೆ ಎಂದು ಕಾಣದು. ಕಾಲು ಅವನದು, ಕಣ್ಣು ಇವನದು.

ಈಗ ಮತ್ತೆ ಹಗ್ಗ. ಇದನ್ನು ಸೊಂಟಕ್ಕೆ ಕಟ್ಟಬೇಡಿ, ಕೈಯಲ್ಲಿ ಹಿಡಿಸಿ. ಒಬ್ಬ ಬಿದ್ದರೆ ಉಳಿದವರು ಬಿಟ್ಟುಬಿಡಲು ಆಗಬೇಕು. ಓಡಿಸಲೂ ಬೇಡಿ, ನಡೆದರೆ ಸಾಕು. ಸಾಲಿನಿಂದ 25 ಮೀಟರ್ ಮುಂದೆ ಒಬ್ಬ ಚೆಂಡನ್ನು ಕೈಯಲ್ಲಿ ಹಿಡಿದು ಅಡ್ಡಡ್ಡ ನಡೆಯಲಿ. ಅವನು ಬಲಕ್ಕೆ ಹೋದಂತೆ ಸಾಲು ಬಲಕ್ಕೆ, ಎಡಕ್ಕೆ ಹೋದಂತೆ ಎಡಕ್ಕೆ. ಹಗ್ಗ ಸಡಿಲ ಬಿದ್ದರೆ ಇಬ್ಬರು ಅಂಟಿಕೊಂಡರು ಎಂದರ್ಥ. ಬಿಗಿದು ಕೈ ಎಳೆದರೆ ಯಾರೋ ಹಿಂದುಳಿದರು. ಹೆಚ್ಚಾಗಿ ಹಿಂದುಳಿಯುವವನು ಚೆಂಡಿನಿಂದ ದೂರದ ತುದಿಯ ಡಿಫೆಂಡರ್, ಏಕೆಂದರೆ ತನಗೆ ಕೆಲಸವಿಲ್ಲ ಎಂದುಕೊಂಡಿರುತ್ತಾನೆ. ಐದು ನಿಮಿಷ ಹೀಗೆ, ಆಮೇಲೆ ಹಗ್ಗ ನೆಲಕ್ಕೆ. ಅದೇ ಓಡಾಟ ಹಗ್ಗವಿಲ್ಲದೆ ಐದು ನಿಮಿಷ. ಕೊನೆಗೆ ಅರ್ಧ ಮೈದಾನದಲ್ಲಿ ಆರು ಜನ ದಾಳಿಗೆ, ನಾಲ್ವರು ಮತ್ತು ಕೀಪರ್ ತಡೆಗೆ.

ಸಾಲು ಯಾವಾಗ ಮುಂದೆ ಏರಬೇಕು, ಯಾವಾಗ ಹಿಂದೆ ಇಳಿಯಬೇಕು? ಇದಕ್ಕೂ ‘ನೋಡಿದ್ರೆ ಗೊತ್ತಾಗುತ್ತೆ’ ಎಂಬ ಉತ್ತರ ಸಾಲದು. ಚೆಂಡು ತೆರೆದಿದೆಯೋ ಮುಚ್ಚಿದೆಯೋ ಎಂದು ಕೇಳಿಕೊಳ್ಳಲು ಕಲಿಸಿ. ಚೆಂಡಿರುವವನು ನಮ್ಮ ಕಡೆ ತಿರುಗಿದ್ದಾನೆ, ತಲೆ ಎತ್ತಿದ್ದಾನೆ, ಅವನಿಂದ ಎರಡು ಮೀಟರ್ ಒಳಗೆ ನಮ್ಮವರು ಯಾರೂ ಇಲ್ಲ: ಅದು ತೆರೆದ ಚೆಂಡು. ಆಗ ಸಾಲು ಮೂರರಿಂದ ಐದು ಮೀಟರ್ ಇಳಿಯಬೇಕು, ಅದೂ ಅವನು ಹೊಡೆಯಲು ಕಾಲು ಹಿಂದೆ ಎತ್ತುವ ಮೊದಲೇ, ಮೈ ಅರ್ಧ ತಿರುಗಿಸಿಕೊಂಡು. ಅವನು ಬೆನ್ನು ಹಾಕಿದ್ದಾನೆ, ಅಥವಾ ಚೆಂಡನ್ನು ಹಿಂದಕ್ಕೆ ತಳ್ಳಿದ್ದಾನೆ, ಅಥವಾ ಚೆಂಡು ಪುಟಿಯುತ್ತಿದ್ದು ಇನ್ನೂ ಹಿಡಿತಕ್ಕೆ ಬಂದಿಲ್ಲ: ಅದು ಮುಚ್ಚಿದ ಚೆಂಡು. ಆಗ ಏರಬೇಕು. ಇಳಿಯುವುದಕ್ಕೂ ಒಂದು ಮಿತಿಯಿದೆ. ಗೋಲಿನಿಂದ 16.5 ಮೀಟರಿನ ಪೆನಾಲ್ಟಿ ಗೆರೆ ಬಂದಾಗ ನಿಲ್ಲಬೇಕು. ಅಲ್ಲಿಂದಲೂ ಹಿಂದೆ ಹೋದರೆ ಕೀಪರ್ ಮುಂದೆಯೇ ಎದುರಾಳಿಗೆ ಆನ್‌ಸೈಡ್ ಜಾಗ, ಅಂದರೆ ನಿಯಮ ಮುರಿಯದೆ ಚೆಂಡು ಪಡೆಯುವ ಜಾಗ, ಕೊಟ್ಟಂತೆ.

ಇದನ್ನೆಲ್ಲ ಹೀಗೆ ಬಿಡಿಬಿಡಿಯಾಗಿ ಒಡೆದು ಕಲಿಸಬಹುದು ಎಂದು ತೋರಿಸಿದವರಲ್ಲಿ ದೊಡ್ಡವರು ಅರಿಗೊ ಸಾಕಿ. 1980ರ ದಶಕದ ಕೊನೆಯ ಎ.ಸಿ. ಮಿಲಾನ್‌ನ ಕೋಚ್. ಅವರು ಯಾವತ್ತೂ ವೃತ್ತಿಪರ ಆಟಗಾರರಾಗಿರಲಿಲ್ಲ! ಮೈಯಲ್ಲಿ ನೆನಪಿಲ್ಲದವರು ಎಲ್ಲವನ್ನೂ ಮಾತು ಮತ್ತು ಮೀಟರಿನಲ್ಲೇ ಕಟ್ಟಬೇಕಾಯಿತು. ಕಡೆಯ ಡಿಫೆಂಡರ್‌ನಿಂದ ಮುಂದಿನ ಫಾರ್ವರ್ಡ್‌ವರೆಗೆ 25 ಮೀಟರ್ ಮೀರಬಾರದು ಎಂಬುದು ಅವರ ಅಳತೆ. ಕೀಪರ್ ಜೊತೆ ತಾಸೊಟ್ಟಿ, ಕೋಸ್ತಾಕೂರ್ತ, ಬರೇಸಿ, ಮಾಲ್ದೀನಿ, ಇಷ್ಟೇ ಐದು ಜನರನ್ನು ನಿಲ್ಲಿಸಿ ಎದುರಿಗೆ ಹತ್ತು ಜನರನ್ನು ಬಿಟ್ಟು ಆಡಿಸುತ್ತಿದ್ದರು. ಸಾಲು ಸರಿಯಿದ್ದರೆ ಐವರು ಹತ್ತು ಜನರನ್ನು ತಡೆಯುತ್ತಾರೆ ಎಂದು ತೋರಿಸುವುದಕ್ಕೆ. ಮಾಜಿ ಡಿಫೆಂಡರ್‌ಗಳು ಸಾಕಿಯವರಿಂದ ಕಲಿಯಬೇಕಾದದ್ದು ಬಹಳ.

ಕೂಗಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇವೆ, ಏಕೆಂದರೆ ನಮ್ಮ ಕಡೆ ಬೀಳುವ ಗೋಲುಗಳಲ್ಲಿ ಮಾತು ತಪ್ಪಿ ಬೀಳುವವೇ ಕಡಿಮೆಯೇನಿಲ್ಲ. ಕನ್ನಡದಲ್ಲಿ ‘ಬಿಡು’ ಎಂಬ ಕೂಗನ್ನೇ ನೋಡಿ. ಕೀಪರ್ ಕೂಗಿದರೆ ‘ಮುಟ್ಟಬೇಡ, ನಾನು ಹಿಡೀತೀನಿ’ ಎಂದರ್ಥ. ಸಾಲಿನ ಮುಂದೆ ಮಧ್ಯದಲ್ಲಿ ಆಡುವ ಮಿಡ್‌ಫೀಲ್ಡರ್ ಕೂಗಿದರೆ ‘ಚೆಂಡು ನನಗೆ ಕೊಡು’ ಎಂದರ್ಥ. ನಡುವೆ ನಿಂತ ಸ್ಟಾಪರ್ ಎರಡರಲ್ಲಿ ಒಂದನ್ನು ಊಹಿಸಬೇಕು. ‘ಮೇಲೆ’ ಎಂದರೆ ಸಾಲು ಏರಬೇಕೋ, ಚೆಂಡು ಆಕಾಶದಲ್ಲಿದೆ ಎಂದೋ? ‘ನಂದು’ ಎಂದು ಇಬ್ಬರು ಒಟ್ಟಿಗೆ ಕೂಗಿ ತಲೆಗೆ ತಲೆ ಹೊಡೆದುಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಎದುರಾಳಿಗೆ ಗೊಂದಲವಾಗುವಂತೆ ‘ಬಿಡು ಬಿಡು’ ಎಂದು ಕೂಗಿದರೆ ರೆಫರಿ ಹಳದಿ ಕಾರ್ಡ್ ತೋರಿಸಿ ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಡಲು ನಿಯಮದಲ್ಲಿ ಅವಕಾಶವೂ ಇದೆ.

ಹಾಗಾಗಿ ಋತುವಿನ ಮೊದಲ ದಿನವೇ ತಂಡದ ಪದಗಳನ್ನು ಗೊತ್ತು ಮಾಡಿ. ಆರು ಸಾಕು. ಸಾಲು ಮುಂದೆ ಹೋಗಲು ‘ಏರು’, ಹಿಂದೆ ಬರಲು ‘ಇಳಿ’, ನಡುವಿಗೆ ಸೇರಿಕೊಳ್ಳಲು ‘ಒಳಗೆ’, ಕಾಲು ಹಾಕದೆ ನಿಂತು ತಡೆಯಲು ‘ತಡಿ’, ಬೆನ್ನ ಮೇಲೆ ಆಳಿದ್ದರೆ ‘ಹಿಂದೆ’, ಯೋಚಿಸದೆ ಚೆಂಡು ದೂರ ಹೊಡೆಯಲು ‘ಹೊರಗೆ’. ಕೂಗುವಾಗ ಹೆಸರು ಮೊದಲು, ಕೆಲಸ ಆಮೇಲೆ. ‘ಒಳಗೆ ಬಾರೋ ಮಂಜು’ ಎಂದರೆ ಮಂಜುವಿಗೆ ಅದು ತನಗೇ ಎಂದು ತಿಳಿಯುವುದು ಮಾತು ಮುಗಿದ ಮೇಲೆ; ‘ಮಂಜು, ಒಳಗೆ’ ಎಂದರೆ ಮೊದಲ ಅಕ್ಷರಕ್ಕೇ ಕಿವಿ ನಿಮಿರುತ್ತದೆ. ಕೂಗು ಆದೇಶವಾಗಿರಲಿ, ಬೈಗುಳವಲ್ಲ. ಗೋಲು ಬಿದ್ದ ಮೇಲೆ ಕೂಗುವುದು ಡಿಫೆಂಡರ್‌ನ ಕೆಲಸವೇ ಅಲ್ಲ.

ನಿಯಮಗಳು ಬದಲಾದಂತೆ ಡಿಫೆಂಡರ್‌ನ ಕೆಲಸವೂ ಬದಲಾಗಿದೆ. ಹಳೆಯ ಆಟಗಾರರು ಕೋಚ್ ಆದಾಗ ಎಡವುವ ಜಾಗ ಇದು. ಆಫ್‌ಸೈಡ್ ಆಗದಿರಲು ಫಾರ್ವರ್ಡ್ ಮತ್ತು ಗೋಲಿನ ಗೆರೆಯ ನಡುವೆ ಇರಬೇಕಾದ ಎದುರಾಳಿಗಳ ಸಂಖ್ಯೆ 1925ರಲ್ಲಿ ಮೂರರಿಂದ ಎರಡಕ್ಕೆ ಇಳಿಯಿತು. 1990ರಿಂದ ಸಾಲಿಗೆ ಸರಿಸಮ ನಿಂತವನು ಆನ್‌ಸೈಡ್. ಇವು ಹಳೆಯವು, ಬಿಡಿ. 1992ರಲ್ಲಿ ಬಂದ ನಿಯಮ ದೊಡ್ಡದು: ಜೊತೆಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಿಂದ ಹಿಡಿಯುವಂತಿಲ್ಲ. ಅಲ್ಲಿಯವರೆಗೆ ಸ್ಟಾಪರ್‌ಗೆ ಕಷ್ಟ ಬಂದರೆ ಹಿಂದೆ ತಳ್ಳಿ ಉಸಿರು ಬಿಡಬಹುದಿತ್ತು. 2019ರಲ್ಲಿ ಗೋಲ್ ಕಿಕ್, ಅಂದರೆ ಗೋಲಿನ ಮುಂದಿನಿಂದ ಚೆಂಡನ್ನು ಮತ್ತೆ ಆಟಕ್ಕೆ ಒದೆಯುವುದರ, ನಿಯಮ ಬದಲಾಯಿತು. ಚೆಂಡು ಪೆನಾಲ್ಟಿ ಜಾಗದಿಂದ ಹೊರಗೆ ಹೋಗಲೇಬೇಕೆಂಬ ಕಟ್ಟು ಹೋಯಿತು; ಒದ್ದು ಅಲುಗಿದ ಕೂಡಲೇ ಆಟ ಶುರು. ಈಗ ಸ್ಟಾಪರ್ ತನ್ನ ಗೋಲಿನ ಪಕ್ಕದಲ್ಲೇ, ಫಾರ್ವರ್ಡ್ ಓಡಿ ಬರುತ್ತಿರುವಾಗ, ಚೆಂಡು ಪಡೆದು ಮುಂದೆ ತಿರುಗಬೇಕು. ಮೈ ತೆರೆದು ನಿಂತು, ದೂರದ ಕಾಲಿನಿಂದ ಚೆಂಡು ಮುಟ್ಟಿ, ಮುಟ್ಟುವ ಮೊದಲೇ ಎರಡು ಸಲ ಭುಜದ ಹಿಂದೆ ನೋಡಿರಬೇಕು. ಅದಕ್ಕೆ ಮೊದಲು ಬೂಟು ಕಳಚಿದವರ ಮೈಯಲ್ಲಿ ಈ ಆಟ ಇಲ್ಲ. ಅವರು ಇದನ್ನು ತಾವು ಕಲಿಸುವ ಹುಡುಗರ ಜೊತೆಯಲ್ಲೇ ಕಲಿಯಬೇಕು.

ಆಟದಿಂದ ಬೆಂಚಿಗೆ ದಾಟುವುದು ಎಷ್ಟು ಕಷ್ಟ ಎನ್ನುವುದಕ್ಕೆ ವಿನ್ಸೆಂಟ್ ಕಾಂಪನಿಯ ದಾರಿಯನ್ನು ನೋಡಿ. ಬೆಲ್ಜಿಯಂನ ಆಂಡರ್‌ಲೆಕ್ಟ್ ಪರವಾಗಿ 2003ರಲ್ಲಿ, ಹದಿನೇಳನೇ ವಯಸ್ಸಿಗೆ ಮೊದಲ ಪಂದ್ಯ. ಜರ್ಮನಿಯ ಹ್ಯಾಂಬರ್ಗ್ ಮೂಲಕ 2008ರಲ್ಲಿ ಮ್ಯಾಂಚೆಸ್ಟರ್ ಸಿಟಿ. ಅಲ್ಲಿ ಶುರುವಿನಲ್ಲಿ ಮಿಡ್‌ಫೀಲ್ಡ್‌ನಲ್ಲೂ ಆಡಿ, ಆಮೇಲೆ ಸ್ಟಾಪರ್ ಜಾಗದಲ್ಲಿ ನೆಲೆಯಾಗಿ, ನಾಯಕನಾಗಿ ನಾಲ್ಕು ಪ್ರೀಮಿಯರ್ ಲೀಗ್ ಗೆದ್ದರು. ಮೀನಖಂಡದ ಗಾಯ ಮತ್ತೆ ಮತ್ತೆ ಕಾಡಿತು. ಆಡುತ್ತಿರುವಾಗಲೇ ಮ್ಯಾಂಚೆಸ್ಟರ್‌ನಲ್ಲಿ ಎಂಬಿಎ ಓದಿದರು. 2019ರ ಬೇಸಿಗೆಯಲ್ಲಿ ಆಂಡರ್‌ಲೆಕ್ಟ್‌ಗೆ ಮರಳಿದ್ದು ಆಟಗಾರ ಮತ್ತು ಕೋಚ್, ಎರಡೂ ಆಗಿ. ಮೊದಲ ನಾಲ್ಕು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ಪಂದ್ಯದ ದಿನದ ಕೋಚಿಂಗ್ ಹೊಣೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು. 2020ರ ಆಗಸ್ಟ್‌ನಲ್ಲಿ ಆಟ ನಿಲ್ಲಿಸಿ ಪೂರ್ತಿ ಕೋಚ್ ಆದರು.

ನಾಲ್ಕು ಪ್ರೀಮಿಯರ್ ಲೀಗ್ ಗೆದ್ದ ನಾಯಕನಿಗೇ ಏಕೆ ಹೀಗಾಯಿತು? ನಮ್ಮ ತಿಳಿವಳಿಕೆಯಲ್ಲಿ ಕಾರಣ ಸರಳ. ಸಾಲಿನೊಳಗೆ ನಿಂತವನು ತನ್ನೆದುರಿನ ಮುಂದಿನ ಐದು ಸೆಕೆಂಡ್ ನೋಡುತ್ತಿರುತ್ತಾನೆ. ಕೋಚ್ ನೋಡಬೇಕಾದದ್ದು ಮುಂದಿನ ಹದಿನೈದು ನಿಮಿಷ. ಯಾರು ದಣಿದರು, ಎದುರಾಳಿ ಯಾವ ಕಡೆ ಇಬ್ಬರನ್ನು ತಂದ, ಯಾರನ್ನು ಬದಲಿಸಬೇಕು. ಈ ಎರಡು ನೋಟ ಒಂದೇ ತಲೆಯಲ್ಲಿ ಒಂದೇ ಹೊತ್ತಿಗೆ ನಿಲ್ಲುವುದು ಕಷ್ಟ. ಈ ಊರಿನ ಕ್ಲಬ್‌ಗಳಲ್ಲಿ ಹಿರಿಯ ಡಿಫೆಂಡರ್ ತಾನೂ ಆಡುತ್ತ ಕೋಚಿಂಗನ್ನೂ ಹೊರುವುದು ಸಾಮಾನ್ಯ. ಆಡಲೇಬೇಕಿದ್ದರೆ, ಆಟಗಾರರನ್ನು ಬದಲಿಸುವ ತೀರ್ಮಾನವನ್ನಾದರೂ ಹೊರಗೆ ಕುಳಿತ ಒಬ್ಬರಿಗೆ ವಹಿಸಿಬಿಡಿ.

ಕಾಂಪನಿಯ ಮುಂದಿನ ವರ್ಷಗಳಿಂದಲೂ ಕಲಿಯಲಿಕ್ಕಿದೆ. ಅವರು ಕೋಚ್ ಆಗಿದ್ದ ಇಂಗ್ಲೆಂಡಿನ ಬರ್ನ್ಲಿ ತಂಡ 2022–23ರಲ್ಲಿ ಎರಡನೇ ದರ್ಜೆಯ ಲೀಗ್‌ನಲ್ಲಿ 46 ಪಂದ್ಯಕ್ಕೆ 101 ಅಂಕ ಗಳಿಸಿ ಮೇಲೇರಿತು. ಮರುವರ್ಷ ಪ್ರೀಮಿಯರ್ ಲೀಗ್‌ನಲ್ಲಿ ಸಿಕ್ಕಿದ್ದು 24 ಅಂಕ, ಮತ್ತೆ ಕೆಳಕ್ಕೆ. ಹಿಂದಿನಿಂದಲೇ ಚೆಂಡು ಕಟ್ಟಿಕೊಂಡು ಹೋಗುವ ಆಟ ಕೆಳಗಿನ ಲೀಗ್‌ನಲ್ಲಿ ದಕ್ಕಿತು, ಮೇಲಿನ ಲೀಗ್‌ನ ವೇಗದೆದುರು ದಕ್ಕಲಿಲ್ಲ. ಆದರೂ 2024ರಲ್ಲಿ ಬಯರ್ನ್ ಮ್ಯೂನಿಕ್ ಅವರನ್ನು ಕರೆಯಿತು. 2024–25ರ ಬುಂಡೆಸ್‌ಲೀಗಾ ಗೆದ್ದರು. ಅವರ ಬಯರ್ನ್ ಸಾಲು ಅರ್ಧ ಗೆರೆಯ ಹತ್ತಿರದವರೆಗೂ ಏರಿ ಆಡುತ್ತದೆ. ಡಿಫೆಂಡರ್ ಕೋಚ್ ಆದರೆ ತಂಡ ಹೆದರಿ ಆಡುತ್ತದೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಲೈಸೆನ್ಸ್ ವಿಷಯ ಚಿಕ್ಕದಾಗಿ. ನಮ್ಮ ದೇಶದಲ್ಲಿ ಏಣಿ ಹೀಗಿದೆ: ಡಿ, ಸಿ, ಬಿ, ಎ, ಕೊನೆಗೆ ಪ್ರೊ. ಡಿ ಭಾರತದ ಫೆಡರೇಷನ್ನಿನದು, ಸಿ ಮತ್ತು ಮೇಲಿನವು ಏಷ್ಯಾ ಒಕ್ಕೂಟದ ಮಾನ್ಯತೆಯವು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗಲು ನಡುವೆ ತಂಡ ಕಟ್ಟಿ ಕಲಿಸಿದ ಅನುಭವ ತೋರಿಸಬೇಕು. ಆದ್ದರಿಂದ ಡಿ ಕೋರ್ಸನ್ನು ಆಡುತ್ತಿರುವಾಗಲೇ ಮುಗಿಸಿ. ಸರ್ಕಾರಿ ಕೋಚ್ ಹುದ್ದೆಗಳಿಗೆ ಬಹಳ ಕಾಲದಿಂದ ಕೇಳುತ್ತಿರುವುದು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ. ಕ್ಲಬ್‌ಗಳು ಕೇಳುವುದು ಏಷ್ಯಾ ಲೈಸೆನ್ಸ್. ಯಾವ ಕಡೆ ಹೋಗುತ್ತೀರಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. 1984ರಲ್ಲಿ ಪಶ್ಚಿಮ ಜರ್ಮನಿ ತಂಡದ ಹೊಣೆ ಹೊತ್ತ ಫ್ರಾಂಜ್ ಬೆಕನ್‌ಬಾವರ್ ಬಳಿ ಕೋಚಿಂಗ್ ಲೈಸೆನ್ಸ್ ಇರಲಿಲ್ಲ. ಅದಕ್ಕೇ ಅವರಿಗೆ ‘ಟೀಮ್‌ಷೆಫ್’ (ತಂಡದ ಮುಖ್ಯಸ್ಥ) ಎಂಬ ಬೇರೆ ಹೆಸರು ಕೊಟ್ಟು ಪಕ್ಕದಲ್ಲಿ ಲೈಸೆನ್ಸ್ ಇದ್ದವರನ್ನು ಇಟ್ಟರು. 1974ರಲ್ಲಿ ನಾಯಕನಾಗಿ ಗೆದ್ದ ವಿಶ್ವಕಪ್ಪನ್ನು 1990ರಲ್ಲಿ ಟೀಮ್‌ಷೆಫ್ ಆಗಿ ಗೆದ್ದರು. ಇವತ್ತು ಯಾರಿಗೂ ಆ ಸಲುಗೆ ಇಲ್ಲ.

ಒಂದು ದಿನದ ತರಬೇತಿ ಹೇಗಿರಬೇಕು ಎಂದು ಶಿಕ್ಷಕರು ಮೊದಲೇ ಕೇಳಿದ್ದರು. ತೊಂಬತ್ತು ನಿಮಿಷ ಎಂದಿಟ್ಟುಕೊಳ್ಳಿ. ಮೊದಲ ಇಪ್ಪತ್ತು ನಿಮಿಷ ಫಿಫಾದ ‘11+’ ಮೈಕಾಯಿಸುವ ವ್ಯಾಯಾಮ. ಎಂಟು ನಿಮಿಷ ಓಟ, ಹತ್ತು ನಿಮಿಷ ಬಲ, ಜಿಗಿತ ಮತ್ತು ಸಮತೋಲನ, ಎರಡು ನಿಮಿಷ ವೇಗದ ಓಟ, ಒಟ್ಟು ಹದಿನೈದು ಬಗೆ. ವಾರಕ್ಕೆ ಎರಡು ಸಲವಾದರೂ ಬೇಕು. ಅದರಲ್ಲಿ ಮಂಡಿಯೂರಿ ಕುಳಿತು, ಜೊತೆಗಾರ ಕಣಕಾಲು ಒತ್ತಿ ಹಿಡಿದಾಗ, ಮೈ ನೆಟ್ಟಗಿಟ್ಟು ನಿಧಾನ ಮುಂದಕ್ಕೆ ಬಾಗುವ ವ್ಯಾಯಾಮ ತೊಡೆಯ ಹಿಂಭಾಗಕ್ಕೆ. ಹೊಸಬರಿಗೆ ಮೂರರಿಂದ ಐದು ಸಲ ಸಾಕು. ಮೊದಲ ದಿನವೇ ಹದಿನೈದು ಮಾಡಿಸಿದರೆ ಮೂರು ದಿನ ಮೆಟ್ಟಿಲು ಇಳಿಯಲಾರರು. ಆಮೇಲೆ ಹದಿನೈದು ನಿಮಿಷ ಒಬ್ಬನೆದುರು ಒಬ್ಬ, ಇಪ್ಪತ್ತು ನಿಮಿಷ ಜೋಡಿ, ಇಪ್ಪತ್ತೈದು ನಿಮಿಷ ಸಾಲು, ಉಳಿದದ್ದು ಮುಕ್ತ ಆಟ. ಆಟ ನಿಲ್ಲಿಸಿ ತಿದ್ದುವುದು ಸಾಲಿನ ಅಭ್ಯಾಸದಲ್ಲಿ ನಾಲ್ಕು ಸಲ ಮೀರಬಾರದು. ಪ್ರತಿ ಸಲ ಮೂವತ್ತು ಸೆಕೆಂಡು. ಮಾಜಿ ಡಿಫೆಂಡರ್‌ಗಳು ಕೋಚ್ ಆದಾಗ ಅತಿಯಾಗಿ ಮಾತಾಡುತ್ತಾರೆ, ಕೂಗಿ ಕೂಗಿ ನಾಲಿಗೆಗೆ ಅದೇ ಅಭ್ಯಾಸ. ಕೋಚ್ ಪ್ರತಿ ಹೆಜ್ಜೆಗೂ ಕೂಗಿದರೆ ಹುಡುಗ ಆಟ ನೋಡುವುದನ್ನು ಬಿಟ್ಟು ಅವರ ದನಿಗೆ ಕಾಯುತ್ತಾನೆ. ಇನ್ನೊಂದು: ನಿಲ್ಲುವ ಜಾಗ ಬದಲಿಸಿ. ಡಿಫೆಂಡರ್ ಆಗಿದ್ದವರು ಅರಿವಿಲ್ಲದೆ ಗೋಲಿನ ಹಿಂದೆಯೇ ನಿಲ್ಲುತ್ತಾರೆ. ಸಾಲು ನೆಟ್ಟಗಿದೆಯೋ ಇಲ್ಲವೋ ಅಲ್ಲಿಂದ ಕಾಣದು. ಅದಕ್ಕೆ ಪಕ್ಕದ ಗೆರೆಯಲ್ಲಿ, ಸಾಲಿನ ನೇರಕ್ಕೆ ನಿಲ್ಲಬೇಕು.

ಮಾತಿನ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

ಮಕ್ಕಳಿಗೆ ಹೆಡ್ ಮಾಡುವುದನ್ನು, ಅಂದರೆ ತಲೆಯಿಂದ ಚೆಂಡು ಹೊಡೆಯುವುದನ್ನು, ಯಾವಾಗ ಕಲಿಸಬೇಕು? ಅವಸರ ಬೇಡವೇ ಬೇಡ. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ಹೆಡ್ಡಿಂಗ್ ಇಲ್ಲ. ಚಿಕ್ಕವರಿಗೆ ಬಲೂನಿನಲ್ಲಿ ಲೆಕ್ಕಾಚಾರ ಕಲಿಸಬಹುದು: ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಹಣೆಯ ನಡುಭಾಗ ತಾಗಬೇಕು. ದೊಡ್ಡವರಾದ ಮೇಲೆ ಹಗುರ ಚೆಂಡು, ಕೈಯಿಂದ ಎಸೆದದ್ದು. 410ರಿಂದ 450 ಗ್ರಾಮಿನ ದೊಡ್ಡ ಚೆಂಡನ್ನು ಕೀಪರ್ ಎತ್ತಿ ಹೊಡೆದಾಗ ಹೆಡ್ ಮಾಡಿಸುವುದು ಎಲ್ಲಕ್ಕಿಂತ ಕೊನೆಗೆ. ತಲೆಗೆ ಪೆಟ್ಟು ಬಿದ್ದು ಯಾರಾದರೂ ತಡವರಿಸಿದರೆ ಅವತ್ತಿಗೆ ಆಟ ಮುಗಿಯಿತು. ‘ನಾನು ಚೆನ್ನಾಗಿದ್ದೀನಿ ಸಾರ್’ ಎಂಬ ಮಾತನ್ನು ನಂಬಬೇಡಿ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಮಳೆಗಾಲದಲ್ಲಿ ಹಿಂದಿನ ಸಾಲು ಹೇಗೆ ಆಡಬೇಕು? ಮಲೆನಾಡಿನವರು ಕೇಳಲೇಬೇಕಾದ ಪ್ರಶ್ನೆ. ತೋಟದ ಮಕ್ಕಳು ಆಡುವ ಕಾಫಿ ಕಣ ಕೊಯ್ಲಿನ ತಿಂಗಳುಗಳಲ್ಲಿ ಖಾಲಿ ಇರುವುದಿಲ್ಲ. ಮಳೆಯಲ್ಲಿ ಖಾಲಿ ಇದ್ದರೂ ಸಿಮೆಂಟಿನ ಮೇಲೆ ಪಾಚಿ. ಅಲ್ಲಿ ಆಡಿಸಬೇಡಿ, ಮಣಿಕಟ್ಟು ಮುರಿಯುತ್ತದೆ. ಮಣ್ಣಿನ ಮೈದಾನಕ್ಕೆ ಚಪ್ಪಟೆ ತಳದ ಬೂಟು ಆಗದು, ಉದ್ದ ಸ್ಟಡ್ ಬೇಕು. ಅಂಟಿದ ಕೆಸರನ್ನು ಪ್ರತಿ ಬಿಡುವಿನಲ್ಲೂ ಕೆರೆದು ತೆಗೆಯಬೇಕು. ಒದ್ದೆ ಹುಲ್ಲಿನ ಮೇಲೆ ಚೆಂಡು ಜಾರಿ ಬೇಗ ಬರುತ್ತದೆ, ಆದ್ದರಿಂದ ಒಬ್ಬನೆದುರು ನಿಲ್ಲುವ ದೂರಕ್ಕೆ ಅರ್ಧ ಮೀಟರ್ ಸೇರಿಸಿ. ನೀರು ನಿಂತ ಗುಂಡಿಯಲ್ಲಿ ಅದೇ ಚೆಂಡು ಸತ್ತು ನಿಲ್ಲುತ್ತದೆ. ಸ್ಟಾಪರ್ ಕೀಪರ್‌ಗೆ ತಳ್ಳಿದ ಚೆಂಡು ಅರ್ಧ ದಾರಿಯಲ್ಲಿ ನಿಂತು ಗೋಲು ಬೀಳುವುದು ಇದರಿಂದಲೇ. ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಕೀಪರ್ ಮತ್ತು ಇಬ್ಬರು ಸ್ಟಾಪರ್‌ಗಳು ಪೆನಾಲ್ಟಿ ಜಾಗದ ಉದ್ದಗಲಕ್ಕೂ ಚೆಂಡು ಉರುಳಿಸಿಕೊಂಡು ನಡೆಯಲಿ. ಎಲ್ಲೆಲ್ಲಿ ಚೆಂಡು ನಿಂತಿತೋ ಆ ಜಾಗಗಳನ್ನು ಮೂವರೂ ನೆನಪಿಟ್ಟುಕೊಳ್ಳಲಿ. ಬಿಡುವಿನ ನಂತರ ಆ ಕಡೆಯ ಪೆನಾಲ್ಟಿ ಜಾಗವೂ ನಮ್ಮದಾಗುತ್ತದೆ, ಅಲ್ಲಿಯೂ ಒಮ್ಮೆ ನಡೆದು ಬರಲಿ.